ಪರವಾಗಿಲ್ಲ ಅಂದರೆ ಎಷ್ಟು ಅಂಕ?

"ಬಿಲ್ಲಿಂಗ್ ಸಾಫ್ಟ್‌ವೇರ್ ಹೇಗಿದೆ ಸರ್?" ಎಂದು ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯನ್ನು ಕೇಳಿ ನೋಡಿ. "ಪರವಾಗಿಲ್ಲ" ಅನ್ನುತ್ತಾರೆ. ಒಂದರಿಂದ ಐದರ ಅಳತೆಯಲ್ಲಿ ಇದನ್ನು ಎಲ್ಲಿ ಇಡುತ್ತೀರಿ? ಹುಬ್ಬೇರಿಸಿ "ಪರ್ವಾಗಿಲ್ವೇ!" ಅಂದರೆ ನಾಲ್ಕೂವರೆ. ಕಣ್ಣು ಗಿರಾಕಿಯ ಮೇಲಿಟ್ಟುಕೊಂಡೇ "ಹೂಂ, ಪರವಾಗಿಲ್ಲ" ಅಂದರೆ ಮೂರು. "ಪರವಾಗಿಲ್ಲ ಬಿಡಿ" ಅಂದರೆ ಎರಡಕ್ಕಿಂತ ಕಡಿಮೆ. ಅವರು ಹೋದ ವಾರವೇ ಇನ್ನೊಂದು ಕಂಪನಿಯ ಡೆಮೊ ನೋಡಿರಬಹುದು. ಫಾರಂನಲ್ಲಿ ಹುಬ್ಬೂ ಇಲ್ಲ, ದನಿಯೂ ಇಲ್ಲ. ಆದರೂ ಕನ್ನಡದಲ್ಲಿ ಸರ್ವೆ ಮಾಡುವವರು ನಡುವಿನ ಆಯ್ಕೆಗೆ ಇದೇ ಪದವನ್ನು ಹಾಕುತ್ತಾರೆ. ಆಮೇಲೆ ಸರಾಸರಿ 3.4 ಬಂತು ಅಂತ ಮೀಟಿಂಗ್ ಕರೆಯುತ್ತಾರೆ.

ರಾಜಾಜಿನಗರದಲ್ಲೋ ಜಯನಗರದಲ್ಲೋ ಮನೆಯ ಮೇಲಿನ ಮಹಡಿ ಬಾಡಿಗೆಗೆ ಹಿಡಿದು, ಎಂಟು-ಹತ್ತು ಜನ ಕೂತು ಬಿಲ್ಲಿಂಗ್, ಸ್ಟಾಕ್, ಸಂಬಳದ ಸಾಫ್ಟ್‌ವೇರ್ ಮಾಡುವ ಕಂಪನಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಅವರ ಗ್ರಾಹಕರು ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿ, ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿ, ಪೀಣ್ಯದ ಮಷಿನ್ ಶಾಪ್. ರಿನ್ಯೂವಲ್ ಕಡಿಮೆಯಾದ ವರ್ಷ ಈ ಕಂಪನಿಗಳಿಗೆ ಸರ್ವೆಯ ನೆನಪಾಗುತ್ತದೆ. ಒಂದು ಗಂಟೆಯಲ್ಲಿ ಫಾರಂ ಸಿದ್ಧ, ಎಲ್ಲರಿಗೂ ರವಾನೆ, ಐದರಲ್ಲಿ ಒಬ್ಬರ ಉತ್ತರ, ಒಂದು ಬಣ್ಣದ ಚಾರ್ಟು, ಅಲ್ಲಿಗೆ ಮುಗಿಯಿತು. ತುಂಬಿ ಬಂದ ಉತ್ತರಗಳಿಗಿಂತ ಹೆಚ್ಚು ಕಲಿಸುವುದು ಆ ಫಾರಂ ಯಾರ ಕೈಗೆ ಹೋಯಿತು, ಯಾರು ಅದನ್ನು ಮುಟ್ಟಲೇ ಇಲ್ಲ ಎಂಬುದು. ಹೆಚ್ಚಿನ ಕಂಪನಿಗಳು ಅದನ್ನು ನೋಡುವುದೇ ಇಲ್ಲ.

ಮೊದಲು ಫೋನ್ ನಂಬರಿನ ವಿಷಯ. ನಿಮ್ಮ ಪಟ್ಟಿಯಲ್ಲಿರುವುದು ದುಡ್ಡು ಕೊಟ್ಟವರ ನಂಬರ್, ಅಂದರೆ ಯಜಮಾನರದು. ಅವರು ಸಾಫ್ಟ್‌ವೇರನ್ನು ನೋಡುವುದು ರಾತ್ರಿ ಎಂಟೂವರೆಗೆ, ದಿನದ ಒಟ್ಟು ವ್ಯಾಪಾರ ತಿಳಿಯಲು, ಎರಡು ನಿಮಿಷ. ಇಡೀ ದಿನ ಅದರ ಜೊತೆ ಏಗುವವರು ಕೌಂಟರಿನಲ್ಲಿ ಕೂತವರು. ತಿಂಗಳಿಗೊಮ್ಮೆ ಅದನ್ನು ಬಗೆದು ನೋಡುವವರು ಅಕೌಂಟೆಂಟು. ಅವರು ಹಲವು ಅಂಗಡಿಗಳ ಲೆಕ್ಕ ಬರೆಯುವವರು, ಈ ಅಂಗಡಿಗೆ ವಾರಕ್ಕೆ ಒಂದೋ ಎರಡೋ ಸಲ ಬರುವವರು. ಇವರೆಲ್ಲರ ಹಿಂದೆ ಆಡಿಟರ್ ಇದ್ದಾರೆ. ಅವರು ನಿಮ್ಮ ಸಾಫ್ಟ್‌ವೇರನ್ನು ಕಣ್ಣಿಂದ ನೋಡಿರುವುದಿಲ್ಲ, ಆದರೂ "ಟ್ಯಾಲಿಗೆ ಡೇಟಾ ಹೋಗುತ್ತಾ?" ಎಂದು, ತಾವು ಲೆಕ್ಕಕ್ಕೆ ಬಳಸುವ ಆ ಸಾಫ್ಟ್‌ವೇರಿನ ಬಗ್ಗೆ ಅವರು ಕೇಳುವ ಒಂದೇ ಪ್ರಶ್ನೆಗೆ ರಿನ್ಯೂವಲ್ಲೇ ನಿಲ್ಲಬಹುದು.

ಒಂದೇ ಫಾರಂ ಈ ನಾಲ್ವರಿಗೂ ಹೊಂದುವುದಿಲ್ಲ. ಯಜಮಾನರಿಗೆ ಮೂರು ಪ್ರಶ್ನೆ ಸಾಕು: ದಿನದ ಕೊನೆಗೆ ಏನನ್ನು ನೋಡುತ್ತೀರಿ, ನೋಡಬೇಕೆಂದರೂ ಸಿಗದೆ ಇರುವುದು ಏನು, ಹೋದ ತಿಂಗಳು ಇದರ ವಿಷಯದಲ್ಲಿ ಯಾರಿಗಾದರೂ ಫೋನ್ ಮಾಡಬೇಕಾಯಿತೇ. ಕೌಂಟರಿನವರಿಗೆ: ಇವತ್ತು ಬಿಲ್ ಹಾಕುವಾಗ ಎಲ್ಲಿ ನಿಲ್ಲಬೇಕಾಯಿತು, ತಪ್ಪಾದ ಬಿಲ್ಲನ್ನು ಹೇಗೆ ಸರಿಮಾಡಿದಿರಿ, ಚೀಟಿಯ ಮೇಲೆ ಕೈಯಲ್ಲಿ ಬರೆದಿಟ್ಟುಕೊಳ್ಳುವುದು ಏನಾದರೂ ಇದೆಯೇ. ಈ ಕೊನೆಯ ಪ್ರಶ್ನೆ ಬಂಗಾರದಂಥದು. ಕಂಪ್ಯೂಟರಿನ ಪಕ್ಕದಲ್ಲಿ ರಟ್ಟಿಗೆ ಪಿನ್ ಹೊಡೆದು ಇಟ್ಟಿರುವ ಚೀಟಿಗಳೆಲ್ಲ ನಿಮ್ಮ ಸಾಫ್ಟ್‌ವೇರ್ ಮಾಡದೆ ಬಿಟ್ಟ ಕೆಲಸಗಳು: ಸಾಲ ಹೇಳಿ ಹೋದವರ ಹೆಸರು, ವಾಪಸ್ ಬಂದ ಮಾಲು, ಅರ್ಧ ಕೊಟ್ಟ ಅಡ್ವಾನ್ಸ್. ಅಕೌಂಟೆಂಟಿಗೆ: ನಮ್ಮ ಫೈಲನ್ನು ತೆಗೆದುಕೊಂಡ ಮೇಲೆ ಎಕ್ಸೆಲ್‌ನಲ್ಲಿ ಏನೇನು ತಿದ್ದುತ್ತೀರಿ?

ಕೌಂಟರಿನವರ ನಂಬರ್ ಪಡೆಯಲು ಯಜಮಾನರ ಒಪ್ಪಿಗೆ ಕೇಳಿ, ನಂಬರಿನವರ ಒಪ್ಪಿಗೆಯನ್ನೂ ಕೇಳಿ. ಇದು ಬರೀ ಮರ್ಯಾದೆಯ ಮಾತಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಇರಬೇಕು ಅನ್ನುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ನಾಲ್ಕು ಸಾಲು ಕನ್ನಡದಲ್ಲಿ ಬರೆದಿಡುವುದಕ್ಕೆ ವಕೀಲರೇ ಬೇಕಿಲ್ಲ: ಏನು ಕೇಳುತ್ತೇವೆ, ಯಾಕೆ, ಯಾವಾಗ ಅಳಿಸುತ್ತೇವೆ, ಬೇಡವೆಂದರೆ ಯಾರಿಗೆ ಹೇಳಬೇಕು.

ಇನ್ನು ಕಳಿಸುವ ದಿನ. ತಿಂಗಳು ತಿಂಗಳು ರಿಟರ್ನ್ ಹಾಕುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಗಡುವು 11ನೇ ತಾರೀಖು, ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ 20ಕ್ಕೆ. 5 ಕೋಟಿಯವರೆಗಿನ ವಹಿವಾಟಿನವರು ಮೂರು ತಿಂಗಳಿಗೊಮ್ಮೆ ಹಾಕುವ ಪದ್ಧತಿ ಆರಿಸಿಕೊಂಡಿದ್ದರೆ ಕರ್ನಾಟಕದಲ್ಲಿ 13 ಮತ್ತು 22. ಈ ತಾರೀಖುಗಳ ಹಿಂದಿನ ಮೂರು ದಿನ ಯಾವ ಅಕೌಂಟೆಂಟೂ ಫಾರಂ ತುಂಬುವುದಿಲ್ಲ. ತುಂಬಿದವರು ಸಿಟ್ಟಿನಲ್ಲಿ ತುಂಬಿರುತ್ತಾರೆ. ಪೋರ್ಟಲ್ ನಿಧಾನವಾದದ್ದಕ್ಕೂ ನಿಮಗೇ ಒಂದು ಅಂಕ ಕಡಿಮೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವಲ್ಲ, ಆ ವಾರ ಸರ್ವೆ ಕಳಿಸಿದವರಿಗೆ ಐಟಂಗಳ ದರ ತಿದ್ದುವ ಪರದಾಟ ಬಿಟ್ಟು ಬೇರೇನೂ ಕೇಳಿಸಲು ಸಾಧ್ಯವಿರಲಿಲ್ಲ. ಜನ ಇಡೀ ವರ್ಷವನ್ನು ತೂಗಿ ಉತ್ತರ ಕೊಡುವುದಿಲ್ಲ; ಹೋದ ವಾರವನ್ನು ತೂಗಿ ಕೊಡುತ್ತಾರೆ. ವರಮಹಾಲಕ್ಷ್ಮಿ, ದೀಪಾವಳಿಯ ಸೀಸನ್ನು, ಮಾರ್ಚ್ ಕೊನೆ ಇವನ್ನೂ ಬಿಡಿ. ಉಳಿಯುವುದು 23ರಿಂದ 28ರ ನಡುವಿನ ಮಂಗಳವಾರ, ಬುಧವಾರ, ಗುರುವಾರ. ಅಂಗಡಿಯವರಾದರೆ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ತನಕ, ಊಟ ಮುಗಿದು ಗಿರಾಕಿ ಕಡಿಮೆಯಿರುವ ಹೊತ್ತು.

ಎಸ್ಸೆಮ್ಮೆಸ್‌ನಲ್ಲಿ ಕಳಿಸುವುದಾದರೆ ಒಂದು ಲೆಕ್ಕ ಗೊತ್ತಿರಲಿ. ಇಂಗ್ಲಿಷ್ ಅಕ್ಷರಗಳಾದರೆ ಒಂದು ಮೆಸೇಜಿಗೆ 160, ಕನ್ನಡವಾದರೆ 70. ಅದಕ್ಕಿಂತ ಉದ್ದವಾದರೆ ತುಂಡಿಗೆ 67. ಅಲ್ಲಿ ಲೆಕ್ಕಕ್ಕೆ ಬರುವುದು ಕಣ್ಣಿಗೆ ಕಾಣುವ ಅಕ್ಷರವಲ್ಲ, ಯೂನಿಕೋಡ್ ಸಂಕೇತ. "ಪ್ರಶ್ನೆ" ನಮಗೆ ಎರಡಕ್ಷರ. ಅಲ್ಲಿ ಪ, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ, ರ, ಶ, ಮತ್ತೆ ವಿರಾಮ, ನ, ಎತ್ವ ಹೀಗೆ ಏಳು. ಒತ್ತಕ್ಷರ ತುಂಬಿದ ಸರ್ಕಾರಿ ಕನ್ನಡ ಬರೆದರೆ ಒಂದು ಮೆಸೇಜು ಮೂರಾಗುತ್ತದೆ, ಖರ್ಚೂ ಮೂರರಷ್ಟು. "ತಮ್ಮ ಅಮೂಲ್ಯವಾದ ಅಭಿಪ್ರಾಯವನ್ನು ವ್ಯಕ್ತಪಡಿಸಲು" ಅನ್ನುವ ಬದಲು "ಹೇಗಿದೆ ಹೇಳಿ" ಅನ್ನಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ ಮೆಸೇಜಿನ ಒಕ್ಕಣೆಯನ್ನೂ ಅದರೊಳಗಿನ ಲಿಂಕನ್ನೂ ಮೊದಲೇ ನೋಂದಾಯಿಸಬೇಕು, ಇಲ್ಲವಾದರೆ ಮೆಸೇಜು ಹೋಗುವುದೇ ಇಲ್ಲ. ಇನ್ನೊಂದು ಅಡ್ಡಿ ಇದಕ್ಕಿಂತ ದೊಡ್ಡದು. ಮದುವೆ ಕರೆಯೋಲೆಯ ಹೆಸರಿನಲ್ಲಿ ಬಂದ ಫೈಲು ಒತ್ತಿ ಬ್ಯಾಂಕಿನ ದುಡ್ಡು ಕಳೆದುಕೊಂಡವರ ಸುದ್ದಿ ಕೇಳಿದ ವ್ಯಾಪಾರಿ ಗೊತ್ತಿಲ್ಲದ ಲಿಂಕ್ ಒತ್ತುವುದಿಲ್ಲ, ಒತ್ತಬಾರದು ಕೂಡ. ಹಾಗಾಗಿ ಅವರಿಗೆ ಪರಿಚಯವಿರುವ ಸಪೋರ್ಟ್ ನಂಬರಿನಿಂದಲೇ ವಾಟ್ಸಾಪ್ ಮಾಡಿ, "ಟೈಪ್ ಮಾಡಬೇಡಿ, ವಾಯ್ಸ್ ಕಳಿಸಿದರೂ ಸಾಕು" ಅನ್ನಿ. ನಲವತ್ತು ಸೆಕೆಂಡಿನ ವಾಯ್ಸ್‌ನಲ್ಲಿ ಆ "ಪರವಾಗಿಲ್ಲ"ದ ದನಿಯೂ ಬರುತ್ತದೆ.

ಅನುವಾದದಲ್ಲಿ ಕೆಡುವ ಪ್ರಶ್ನೆಗಳಿಗೆ ಬರೋಣ. ಅಮೆರಿಕದ ಬಿಸಿನೆಸ್ ಸಲಹೆಗಾರ ಫ್ರೆಡ್ ರೈಖೆಲ್ಡ್ 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಮೇಲೆ ಜಗತ್ತಿಗೆಲ್ಲ ಹಬ್ಬಿದ ಪ್ರಶ್ನೆ ಒಂದಿದೆ: ಇದನ್ನು ಸ್ನೇಹಿತರಿಗೆ ಹೇಳುತ್ತೀರಾ, 0ಯಿಂದ 10ರೊಳಗೆ ಎಷ್ಟು? 9, 10 ಕೊಟ್ಟವರ ಶೇಕಡಾವಾರಿನಿಂದ 0–6 ಕೊಟ್ಟವರ ಶೇಕಡಾವಾರು ಕಳೆದರೆ ಎನ್‌ಪಿಎಸ್ (ನೆಟ್ ಪ್ರಮೋಟರ್ ಸ್ಕೋರ್) ಅಂಕ. ಕನ್ನಡದ ಫಾರಂಗಳಲ್ಲಿ ಇದು "ಶಿಫಾರಸು ಮಾಡುವ ಸಂಭವನೀಯತೆ ಎಷ್ಟು" ಎಂದಾಗಿದೆ. ನಮ್ಮಲ್ಲಿ ಶಿಫಾರಸು ಅಂದರೆ ಎಂಎಲ್‌ಎ ಪತ್ರ. ಭಾಷೆ ತಿದ್ದಿ "ಪಕ್ಕದ ಅಂಗಡಿಯವರು ಕೇಳಿದರೆ ಹೇಳ್ತೀರಾ?" ಅಂದರೂ ಪೇಟೆಯಲ್ಲಿ ಅದು ನಡೆಯುವುದಿಲ್ಲ, ಪಕ್ಕದವರು ಪೈಪೋಟಿಯವರು, ಸಾಫ್ಟ್‌ವೇರ್ ಎಷ್ಟು ಚೆನ್ನಾಗಿದೆಯೋ ಅಷ್ಟೂ ಗುಟ್ಟಾಗಿ ಇಡುತ್ತಾರೆ. "ಹೋದ ಮೂರು ತಿಂಗಳಲ್ಲಿ ಯಾರಿಗಾದರೂ ಹೇಳಿದ್ದೀರಾ? ಅವರ ಊರು ಯಾವುದು?" ಎಂದು ಕೇಳಿ. ತುಮಕೂರಿನ ಷಡ್ಡಕನಿಗೆ ಹೇಳಿದ್ದರೆ ಹೇಳಿದ್ದೇನೆ ಅನ್ನುತ್ತಾರೆ. ಮುಂದೆ ಮಾಡುತ್ತೀರಾ ಎಂಬ ಪ್ರಶ್ನೆಗೆ ಸೌಜನ್ಯ ಉತ್ತರ ಕೊಡುತ್ತದೆ, ಮಾಡಿದ್ದೀರಾ ಎಂಬುದಕ್ಕೆ ನೆನಪು.

ಸೌಜನ್ಯ ಅಂದೆ. ಈ ಊರಿನಲ್ಲಿ ಕ್ಯಾಬ್ ಇಳಿಯುವಾಗ, ಊಟದ ಪಾರ್ಸೆಲ್ ಕೈಗೆ ಬಂದಾಗ "ಫೈವ್ ಸ್ಟಾರ್ ಕೊಡಿ ಸರ್" ಎಂದು ಕೇಳಿಸಿಕೊಂಡು ಕೇಳಿಸಿಕೊಂಡು ಐದು ನಕ್ಷತ್ರ ಎಂಬುದು ಥ್ಯಾಂಕ್ಸ್‌ಗೆ ಸಮನಾಗಿದೆ. ಸಪೋರ್ಟ್ ಕಾಲ್ ಮುಗಿದ ತಕ್ಷಣ ಅದೇ ಹುಡುಗಿ ಲಿಂಕ್ ಕಳಿಸಿದರೆ ಐದೇ ಬರುತ್ತದೆ. ಪಾಪ, ಅವಳ ಕೆಲಸಕ್ಕೆ ತೊಂದರೆಯಾಗಬಾರದು ಎಂಬ ಕಳಕಳಿ ಅದು, ಒಳ್ಳೆಯ ಕಳಕಳಿಯೇ. ಅದನ್ನು ತಪ್ಪಿಸಬೇಕಾದರೆ ವ್ಯಕ್ತಿಯನ್ನು ಬಿಟ್ಟು ಕೆಲಸವನ್ನು ಕೇಳಿ: "ನಿನ್ನೆ ಹೇಳಿದ ತೊಂದರೆ ಇವತ್ತು ಬೆಳಿಗ್ಗೆ ಮತ್ತೆ ಬಂತೇ?" ಹೌದು ಅಥವಾ ಇಲ್ಲ. ಮರುದಿನ ಬೆಳಿಗ್ಗೆ ಹನ್ನೊಂದೂವರೆಗೆ ಕೇಳಿ, ಅಂಗಡಿ ತೆರೆದು ನಾಲ್ಕು ಬಿಲ್ ಆಗಿರಲಿ.

ಸ್ಟಾರ್ಟಪ್‌ಗಳ ಮಾರ್ಕೆಟಿಂಗ್‌ನಲ್ಲಿ ಹೆಸರಾದ ಶಾನ್ ಎಲ್ಲಿಸ್ ಅವರ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಇನ್ನೊಂದು ಪ್ರಶ್ನೆ: ನಾಳೆಯಿಂದ ಇದು ಇಲ್ಲವೆಂದರೆ ನಿಮಗೆ ಎಷ್ಟು ಬೇಸರ? ತುಂಬಾ ಬೇಸರ ಅನ್ನುವವರು 40% ದಾಟಿದರೆ ಸರಕು ಮಾರುಕಟ್ಟೆಗೆ ಹೊಂದಿದೆ ಅಂತ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರು ಇದನ್ನು ನಂಬಿ ಮೋಸ ಹೋಗಬಾರದು. ಐದು ವರ್ಷದ ಲೆಕ್ಕ ಒಳಗೆ ಸಿಕ್ಕಿಕೊಂಡವರು ಬೇಸರ ಅನ್ನದೆ ಇನ್ನೇನು ಅಂದಾರು? ಅದು ಪ್ರೀತಿಯಲ್ಲ, ಭಯ. ಅಳೆಯುವ ಮೊದಲು ಅವರ ಡೇಟಾವನ್ನು ಒಂದೇ ಬಟನ್ನಿನಲ್ಲಿ ಹೊರಗೆ ತೆಗೆಯುವ ವ್ಯವಸ್ಥೆ ಕೊಡಿ, ಆಮೇಲೆ ಕೇಳಿ.

ಸಂಖ್ಯೆಗಳು ಬಂದ ಮೇಲೆ ಆಗುವ ತಪ್ಪು ಲೆಕ್ಕದ್ದು. 600 ಗ್ರಾಹಕರಿದ್ದಾರೆ, 60 ಜನ ಉತ್ತರಿಸಿದರು ಅಂದುಕೊಳ್ಳಿ. 30 ಜನ 9 ಅಥವಾ 10, 15 ಜನ 7 ಅಥವಾ 8, 15 ಜನ 6 ಅಥವಾ ಅದಕ್ಕಿಂತ ಕಡಿಮೆ. ಎನ್‌ಪಿಎಸ್ 50ರಿಂದ 25 ಕಳೆದು 25. ಈ 60 ಜನ ಚೀಟಿ ಎತ್ತಿ ಆರಿಸಿದವರೇ ಆಗಿದ್ದರೂ 95% ನಂಬಿಕೆಯ ವ್ಯಾಪ್ತಿ ಆ 25ರ ಆಚೀಚೆ ಸುಮಾರು 20. ನಿಜವಾದ ಅಂಕ 5 ಇರಬಹುದು, 45 ಇರಬಹುದು. ಹೋದ ವರ್ಷ 31 ಇತ್ತು, ಈ ವರ್ಷ 25ಕ್ಕೆ ಇಳಿಯಿತು ಎಂದು ಡೆವಲಪರುಗಳನ್ನು ಕೂರಿಸಿ ಬೈಯುವುದು ಗಾಳಿಯ ಜೊತೆ ಜಗಳ. ಈ 60ನ್ನೇ ಚಿಕ್ಕಪೇಟೆ, ಪೀಣ್ಯ, ಯಶವಂತಪುರ ಎಂದು ಮೂರು ಪಾಲು ಮಾಡಿ ಹೋಲಿಸುವುದಂತೂ ಬೇಡವೇ ಬೇಡ.

ಇದಕ್ಕಿಂತ ಗಂಭೀರವಾದದ್ದು ಉತ್ತರಿಸದವರ ಮೌನ. ಅದೇ 600ರಲ್ಲಿ ಈ ಸಲ 132 ಜನ ಉತ್ತರಿಸಿದರು, ಅವರಲ್ಲಿ 99 ಜನ ಚೆನ್ನಾಗಿದೆ ಅಂದರು ಅಂದುಕೊಳ್ಳಿ, 75%. ಉಳಿದ 468 ಜನರಲ್ಲೂ ಅಷ್ಟೇ ಪಾಲು ಸಂತೋಷವಾಗಿದ್ದರೆ ಸರಿ. ಅವರಲ್ಲಿ 40% ಮಾತ್ರ ಸಂತೋಷವಾಗಿದ್ದರೆ ಒಟ್ಟು 286, ಅಂದರೆ 48%. ಮುಕ್ಕಾಲು ಪಾಲು ಅರ್ಧಕ್ಕಿಂತ ಕೆಳಗಿಳಿಯಿತು, ಅದೂ ಒಂದು ಉತ್ತರವೂ ಬದಲಾಗದೆ. ದಾರಿ ಒಂದೇ: 468 ಹೆಸರುಗಳಲ್ಲಿ 30ನ್ನು ಕುರುಡಾಗಿ ಎತ್ತಿ. ಎಕ್ಸೆಲ್‌ನಲ್ಲಿ ಪಕ್ಕದ ಕಾಲಮಿಗೆ ರ್‍ಯಾಂಡಮ್ ಸಂಖ್ಯೆ ಹಾಕಿ ವಿಂಗಡಿಸಿದರೆ ಮೇಲಿನ 30 ಸಿಕ್ಕಿತು. ಈ ಮೂವತ್ತಕ್ಕೆ ಫೋನ್ ಮಾಡಿ. ಎತ್ತದಿದ್ದರೆ ಬೇರೆ ದಿನ, ಬೇರೆ ಹೊತ್ತಿನಲ್ಲಿ, ನಾಲ್ಕು ಸಲದ ತನಕ. ಸುಲಭವಾಗಿ ಸಿಗುವ ಮೂವತ್ತೊಂದನೆಯವರನ್ನು ಸೇರಿಸಿಕೊಳ್ಳುವ ಆಸೆಯಾಗುತ್ತದೆ, ಬೇಡ. ಫೋನೇ ಎತ್ತದವರು ಯಾರು ಎಂಬುದೇ ನಿಮಗೆ ಬೇಕಾದ ವಿಷಯ. ಕೆಲವರು ಸಾಫ್ಟ್‌ವೇರ್ ತೆರೆದು ನಾಲ್ಕು ತಿಂಗಳಾಗಿರುತ್ತದೆ. ದುಡ್ಡು ಕಟ್ಟಿದ್ದಾರೆ, ಪಟ್ಟಿಯಲ್ಲಿದ್ದಾರೆ, ಬಿಲ್ ಮಾತ್ರ ಮತ್ತೆ ಕಾರ್ಬನ್ ಪುಸ್ತಕದಲ್ಲಿ ಬರೆಯುತ್ತಿದ್ದಾರೆ.

ಜನ ತಮ್ಮದೇ ಮಾತಿನಲ್ಲಿ ಬರೆದ ಉತ್ತರಗಳನ್ನು ಓದುವ ಕೆಲಸವನ್ನು ಯಂತ್ರಕ್ಕೆ ಬಿಡಬೇಡಿ. ನೂರಮೂವತ್ತು ಉತ್ತರ ಅರ್ಧ ದಿನದ ಕೆಲಸ. ಅರ್ಧ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ತಮಗೆ ತೋಚಿದ ಸ್ಪೆಲ್ಲಿಂಗಿನಲ್ಲಿ ಬರೆದಿರುತ್ತಾರೆ; ಪದ ಹುಡುಕಿ ಎಣಿಸಿದರೆ ಒಂದೇ ದೂರು ಆರು ದೂರಾಗುತ್ತದೆ. ಇಬ್ಬರು ಬೇರೆ ಬೇರೆ ಕೂತು ಪ್ರತಿ ಉತ್ತರಕ್ಕೂ ಒಂದು ಹಣೆಪಟ್ಟಿ ಕೊಡಿ, ಆಮೇಲೆ ಹೋಲಿಸಿ. ಎಲ್ಲಿ ಇಬ್ಬರ ಪಟ್ಟಿ ಕೂಡುವುದಿಲ್ಲವೋ ಅಲ್ಲಿ ಗ್ರಾಹಕರ ಮಾತು ನಿಮಗೆ ಇನ್ನೂ ಅರ್ಥವಾಗಿಲ್ಲ. "ಅಡ್ಜಸ್ಟ್ ಮಾಡ್ಕೊಂಡಿದೀವಿ" ಎಂಬುದನ್ನು ಒಬ್ಬರು ಮೆಚ್ಚುಗೆಗೆ ಸೇರಿಸುತ್ತಾರೆ. ಅದು ದೂರು, ಅದೂ ಹಳೆಯ ದೂರು.

ಎಲ್ಲಕ್ಕಿಂತ ಹೆಚ್ಚು ಸಲ ಬರುವ, ಎಲ್ಲಕ್ಕಿಂತ ಕಡಿಮೆ ಹೇಳುವ ಮಾತು "ಸ್ಲೋ". ಡೆವಲಪರ್ ಕೂಡಲೇ ಡೇಟಾಬೇಸ್ ಕಡೆ ಓಡುತ್ತಾರೆ. ಕೆಲವೊಮ್ಮೆ ಅಲ್ಲೇ ಇರುತ್ತದೆ: ಐಟಂಗಳು ಬಹಳ ಇರುವ ಅಂಗಡಿಯಲ್ಲಿ ಹೆಸರಿನ ನಡುವಿನ ಅಕ್ಷರಗಳನ್ನು ಹುಡುಕಿದರೆ ಸಾಮಾನ್ಯ ಇಂಡೆಕ್ಸ್ ನೆರವಿಗೆ ಬರುವುದಿಲ್ಲ, ಪ್ರತಿ ಸಾಲನ್ನೂ ನೋಡಬೇಕಾಗುತ್ತದೆ. ಆದರೆ ಕೋಡ್ ಮುಟ್ಟುವ ಮೊದಲು ಸ್ಲೋ ಅಂದ ನಾಲ್ಕು ಅಂಗಡಿಗೆ ಹೋಗಿ, ಕೌಂಟರಿನ ಹಿಂದೆ ಒಂದು ಸ್ಟೂಲ್ ಕೇಳಿ ಕೂತು, ಇಪ್ಪತ್ತು ಬಿಲ್ ನೋಡಿ. ಮೊಬೈಲಿನ ಸ್ಟಾಪ್‌ವಾಚ್, ಒಂದು ಹಾಳೆ. ಮೊದಲ ಐಟಂ ಸ್ಕ್ಯಾನ್ ಆದದ್ದರಿಂದ ಚೀಟಿ ಹರಿದು ಕೊಡುವ ತನಕ ಎಷ್ಟು ಸೆಕೆಂಡು, ಅದರಲ್ಲಿ ಕಂಪ್ಯೂಟರ್ ಕಾಯಿಸಿದ್ದೆಷ್ಟು, ಮನುಷ್ಯರು ಕಾಯಿಸಿದ್ದೆಷ್ಟು ಎಂದು ಬೇರೆ ಬೇರೆ ಬರೆಯಿರಿ.

ಒಂದು ಅಂಗಡಿಯಲ್ಲಿ ಸ್ಕ್ಯಾನರ್ ಮೂರು ಸೀರೆಯನ್ನು ಐದು ಸೆಕೆಂಡಿನಲ್ಲಿ ಓದಿ ಮುಗಿಸುತ್ತದೆ. ಆಮೇಲೆ ಪರದೆಯ ನಡುವೆ ಪೆಟ್ಟಿಗೆ ತೆರೆದುಕೊಳ್ಳುತ್ತದೆ: ಗ್ರಾಹಕರ ಮೊಬೈಲ್ ನಂಬರ್. ಕೌಂಟರಿನವರು ಕೇಳುತ್ತಾರೆ. ಗಿರಾಕಿ "ಯಾಕೆ?" ಅನ್ನುತ್ತಾರೆ. ವಿವರಣೆ. ನಂಬರ್ ಹೇಳುತ್ತಾರೆ, ಫ್ಯಾನಿನ ಸದ್ದಿನಲ್ಲಿ "ಏಳು" "ಎಂಟು" ಒಂದೇ ಆಗಿ ಕೇಳಿಸಿ ಒಂಬತ್ತೇ ಅಂಕೆ ಬೀಳುತ್ತದೆ, ಪೆಟ್ಟಿಗೆ ಕೆಂಪಾಗುತ್ತದೆ, ಮತ್ತೆ ಮೊದಲಿಂದ. ಹಿಂದೆ ಮೂರು ಜನ ನಿಂತಿದ್ದಾರೆ. ಕೊನೆಗೆ ಕೌಂಟರಿನವರು ಹತ್ತು ಸಲ ಒಂಬತ್ತು ಒತ್ತಿ ಮುಂದೆ ಹೋಗುತ್ತಾರೆ. ಯಜಮಾನರ ಫಾರಂನಲ್ಲಿ ಇದರ ಹೆಸರು ಸ್ಲೋ. ಆಫೀಸಿಗೆ ಬಂದು ಡೇಟಾದಲ್ಲಿ 9999999999 ಎಷ್ಟು ಸಲ ಇದೆ ಎಂದು ಎಣಿಸಿದರೆ, ಎಷ್ಟು ಅಂಗಡಿಗಳು ಈ ಪೆಟ್ಟಿಗೆಯ ಜೊತೆ ದಿನವೂ ಹೆಣಗುತ್ತಿವೆ ಎಂಬುದು ಸರ್ವೆ ಇಲ್ಲದೆಯೇ ತಿಳಿಯುತ್ತದೆ.

ಇನ್ನೊಂದು ಅಂಗಡಿಯ ಸ್ಲೋ ಬೇರೆ. ಅಲ್ಲಿ ಕಾಯಿಸುವುದು ಪ್ರಿಂಟರ್. 80 ಮಿಲಿಮೀಟರಿನ ಅಗ್ಗದ ಥರ್ಮಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರ ಒಳಗೇ ಇರುವುದಿಲ್ಲ. ಇಂಗ್ಲಿಷ್ ಬಿಲ್ಲಾದರೆ ಅಕ್ಷರಗಳ ಸಂಕೇತ ಹೋಗುತ್ತದೆ, ಕನ್ನಡ ಬಿಲ್ಲಾದರೆ ಇಡೀ ಚೀಟಿ ಚಿತ್ರವಾಗಿ ಹೋಗಬೇಕು. ಕನ್ನಡದಲ್ಲಿ ಬಿಲ್ ಕೊಡಬೇಕೆಂದು ಆಸೆಪಟ್ಟ ಅಂಗಡಿಯೇ ಹೀಗೆ ಪ್ರತಿ ಗಿರಾಕಿಗೂ ಕಾಯಬೇಕಾಗುತ್ತದೆ, ಮತ್ತು ಒಂದು ವಾರದಲ್ಲಿ ಆ ಸೆಟ್ಟಿಂಗನ್ನು ಆಫ್ ಮಾಡಿಬಿಡುತ್ತದೆ. "ಕನ್ನಡ ಬಿಲ್ ಯಾರೂ ಬಳಸುವುದಿಲ್ಲ" ಎಂದು ಬಳಕೆಯ ವರದಿಯಲ್ಲಿ ಕಂಡಾಗ ಆ ಸವಲತ್ತನ್ನೇ ಕಿತ್ತುಹಾಕುವ ಮೊದಲು ಇದನ್ನು ನೆನಪಿಡಬೇಕು. ಬೇಡವಾಗಿ ಬಿಟ್ಟವರಲ್ಲ ಅವರು. ಅಂಗಡಿಯ ಹೆಸರು, ವಿಳಾಸ, ಕೊನೆಯ ಧನ್ಯವಾದ, ಬದಲಾಗದ ಈ ಭಾಗಗಳನ್ನು ಒಮ್ಮೆ ಚಿತ್ರ ಮಾಡಿಟ್ಟುಕೊಂಡು, ಐಟಂ ಹೆಸರುಗಳನ್ನು ಮಾತ್ರ ಆಯಾ ಹೊತ್ತಿಗೇ ಚಿತ್ರ ಮಾಡಿ, ಅಂಕಿಗಳನ್ನು ಸಂಕೇತವಾಗಿಯೇ ಕಳಿಸಿದರೆ ಕಾಯುವ ಹೊತ್ತು ಇಳಿಯುತ್ತದೆ.

ಬಿಟ್ಟುಹೋದವರನ್ನು ಮರೆಯಬೇಡಿ; ಅವರು ಈಗಿನ 600ರ ಪಟ್ಟಿಯಲ್ಲಿ ಇಲ್ಲ. "ಯಾಕೆ ಬಿಟ್ಟಿರಿ?" ಎಂದರೆ "ರೇಟ್ ಜಾಸ್ತಿ" ಎಂಬ ಉತ್ತರ ಸಿದ್ಧವಾಗಿರುತ್ತದೆ, ಜಗಳ ಬೆಳೆಸದ ಉತ್ತರ ಅದು. "ಈಗ ಯಾವುದರಲ್ಲಿ ಬಿಲ್ ಹಾಕ್ತೀರಿ? ಅದರಲ್ಲಿ ಯಾವುದು ಸುಲಭ ಆಯ್ತು?" ಎಂದು ಕೇಳಿ. ಹೆಚ್ಚು ದುಡ್ಡು ಕೊಟ್ಟು ಬೇರೆಯದನ್ನು ಹಾಕಿಸಿಕೊಂಡವರೂ ಅಲ್ಲಿ ಸಿಗುತ್ತಾರೆ.

ಇಷ್ಟಾದ ಮೇಲೆ ಎರಡು ವಾರದೊಳಗೆ ಎಲ್ಲ 600 ಜನರಿಗೂ, ಉತ್ತರಿಸದವರಿಗೂ ಸೇರಿ, ಒಂದು ಮೆಸೇಜು ಹೋಗಬೇಕು. ಏನನ್ನು ಸರಿಮಾಡಿದೆವು, ಏನನ್ನು ಈ ವರ್ಷ ಮಾಡುವುದಿಲ್ಲ. ಎರಡನೆಯದನ್ನೂ ಬಾಯಿಬಿಟ್ಟು ಹೇಳಿ. ಪೇಟೆಯವರಿಗೆ ಖಡಾಖಂಡಿತವಾದ "ಇಲ್ಲ" ಹೊಸದಲ್ಲ, ಸತಾಯಿಸುವ "ನೋಡೋಣ" ಸಾಕಾಗಿದೆ. ಮುಂದಿನ ವರ್ಷಕ್ಕೆ ಹೋಲಿಸಬೇಕಾದ ಪ್ರಶ್ನೆಗಳ ಒಂದು ಪದವನ್ನೂ ಬದಲಿಸದೆ ಎತ್ತಿಡಿ. ಈ ಸಲದ ಮೆಸೇಜು ಇಷ್ಟೇ ಆದರೂ ಸಾಕು: "ಫೋನ್ ನಂಬರ್ ಬೇಡ ಅಂದರೆ ಎಂಟರ್ ಒತ್ತಿ. ಬಿಲ್ ನಿಲ್ಲಲ್ಲ."